ಗಿಂಕೊ ಗಿಡ ನಮ್ಮ ಕಡೆ ಬದುಕುತ್ತದೆಯೇ? ಎಲೆ ಕುದಿಸಿ ಕುಡಿಯಬಹುದೇ?

ಪ್ರಶ್ನೆ, ವಿಜಯಪುರದಿಂದ:
ಮಗ ಡೆಹ್ರಾಡೂನ್‌ನಿಂದ ಎರಡು ಗಿಂಕೊ ಸಸಿ ತಂದಿದ್ದಾನೆ. ಎರೆ ಹೊಲದ ಬದುವಿನಲ್ಲಿ ಹಚ್ಚಬೇಕು ಅಂತಿದ್ದೇನೆ. ನಮ್ಮ ಮನೆಯವರಿಗೆ ಈಚೆಗೆ ಮರೆವು ಜಾಸ್ತಿ. ಇದರ ಎಲೆಯ ಕಷಾಯ ನೆನಪಿಗೆ ಒಳ್ಳೆಯದು ಅಂತಾರೆ. ಅವರಿಗೆ ಹೃದಯದ ಗುಳಿಗೆಯೂ ನಡೆದಿವೆ. ಬೆಳೆಸಿದವರು, ಬಳಸಿದವರು ಹೇಳಿರಿ.

ಉತ್ತರ, ಬೆಳಗಾವಿಯಿಂದ:
ಅಕ್ಕಾರೆ, ಹೊಲಕ್ಕೆ ಬೇಡ, ಕುಂಡದಲ್ಲೇ ಇಡಿ. ಟಿಳಕವಾಡಿಯ ನಮ್ಮ ಮನೆಯಲ್ಲಿ ಒಂದು ಗಿಡ ಕುಂಡದಲ್ಲಿದೆ. ಬೀಸಣಿಗೆ ಆಕಾರದ ಆ ಎಲೆ ಚಿಗುರುವಾಗ ನೋಡೋಕೆ ಎಷ್ಟು ಚೆಂದ! ಆದರೆ ಇದು ಚಳಿ ನಾಡಿನ ಮರ. ಮೂಲ ಚೀನಾ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ, ತಿಂಗಳುಗಟ್ಟಲೆ ನಿದ್ದೆ ಮಾಡಬೇಕು. ನಮ್ಮ ಬೆಳಗಾವಿಯ ಚಳಿಯೇ ಅದಕ್ಕೆ ಸಾಲುವುದಿಲ್ಲ. ಹಾಗಾಗಿ ಚಿಗುರು ತಡ, ಬೆಳವಣಿಗೆ ಬಹಳ ನಿಧಾನ. ಫೋಟೋದಲ್ಲಿ ಕಾಣುವ ಬಂಗಾರದ ಬಣ್ಣವೂ ಇಲ್ಲಿ ಸರಿಯಾಗಿ ಬರುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಎಲೆಯ ಅಂಚು ಸುಡುತ್ತದೆ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕೇ ಬೇಕು. ಕೆಂಪು ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಕಲಿಸಿ ತುಂಬಿ. ನೀರು ಸರಾಗ ಹರಿದುಹೋಗಬೇಕು. ಎಲೆ ಉದುರಿ ಬರೀ ಕಡ್ಡಿ ಉಳಿದಾಗ ಸತ್ತಿತು ಅಂತ ಕಿತ್ತು ಬಿಸಾಡಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಆಗ ನೀರು ಕಡಿಮೆ ಮಾಡಿ.

ಗಂಡು, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಾದರೆ ಯಾವುದು ಅಂತ ತಿಳಿಯೋಕೆ 20-30 ವರ್ಷ ಬೇಕು. ಹೆಣ್ಣು ಮರದ ಮಾಗಿದ ಬೀಜದ ಸಿಪ್ಪೆ ಕೊಳೆತ ಬೆಣ್ಣೆಯಂತೆ ನಾರುತ್ತದೆ, ಮೈಗೆ ತಾಗಿದರೆ ತುರಿಕೆ ಏಳಬಹುದು. ಅದಕ್ಕೇ ಬೇರೆ ದೇಶಗಳಲ್ಲಿ ರಸ್ತೆ ಬದಿಗೆ ಕಸಿ ಮಾಡಿದ ಗಂಡು ಗಿಡ ಹಚ್ಚುತ್ತಾರೆ.

ಉತ್ತರ, ಸಿಂದಗಿ ಕಡೆಯಿಂದ:
ಎರೆ ಮಣ್ಣಿನ ಮಾತು ಹೇಳ್ತೀನಿ. ಮಳೆಗಾಲದಲ್ಲಿ ನೀರು ಹಿಡಿದು ಜಿಗುಟಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಮೇಲೆ 40 ಡಿಗ್ರಿ ದಾಟುವ ಬಿಸಿಲು. ಬದುವಿಗೆ ಬೇವು, ಹುಣಸೆ ಹಚ್ಚಿ. ನಿಮ್ಮ ಮೊಮ್ಮಕ್ಕಳಿಗೂ ನೆರಳು ಕೊಡುತ್ತವೆ.

ಉತ್ತರ, ಬಾಗಲಕೋಟೆಯಿಂದ (ಔಷಧ ಅಂಗಡಿ ನಡೆಸುವವರು):
ಅಕ್ಕಾರೆ, ಕಷಾಯ ಖಂಡಿತ ಬೇಡ. ಗಿಂಕೊ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ನಿಮ್ಮವರ ಹೃದಯದ ಗುಳಿಗೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಯಾವುದಾದರೂ ಇದೆಯಾ ನೋಡಿ. ಇದ್ದರೆ ಎರಡೂ ಸೇರಿ ತೊಂದರೆ ಆಗಬಹುದು. ಇನ್ನೊಂದು ಮಾತು. ಹಸಿ ಎಲೆಯಲ್ಲಿ ಗಿಂಕೊಲಿಕ್ ಆಮ್ಲ ಇರುತ್ತದೆ, ಅದು ಅಲರ್ಜಿ ತರುತ್ತದೆ. ಗುಳಿಗೆ ಮಾಡುವ ಸಾರದಲ್ಲಿ ಅದನ್ನು ಬಹುಪಾಲು ತೆಗೆದಿರುತ್ತಾರೆ. ಮನೆಯಲ್ಲಿ ಕುದಿಸಿದರೆ ಹಾಗೆ ತೆಗೆಯೋಕೆ ಆಗಲ್ಲ.

ಗುಳಿಗೆ ತಂದರೂ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಹಿರಿಯರಿಗೆ ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ಗಿಂಕೊ ಅಥವಾ ಔಷಧವಿಲ್ಲದ ಗುಳಿಗೆ ಕೊಟ್ಟು, ವರ್ಷಗಟ್ಟಲೆ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಮರೆವಿನ ಕಾಯಿಲೆ ಬರುವುದನ್ನು ಗಿಂಕೊ ತಡೆಯಲಿಲ್ಲ.

ಬೀಜದ ವಿಷಯವೂ ಹೇಳಿಬಿಡುತ್ತೇನೆ. ಚೀನಾ, ಜಪಾನ್‌ನಲ್ಲಿ ಹುರಿದು ತಿನ್ನುತ್ತಾರೆ, ಆದರೆ ಕೆಲವೇ ಕೆಲವು. ಅದರಲ್ಲಿರುವ ವಿಷ ಬಿ6 ವಿಟಮಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಜಾಸ್ತಿ ತಿಂದ ಮಕ್ಕಳಿಗೆ ಫಿಟ್ಸ್ ಬಂದದ್ದಿದೆ.

ಮರೆವಿಗೆ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬಿ12 ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಮರೆವು ಬರುತ್ತದೆ. ಅವೆರಡಕ್ಕೂ ಔಷಧ ಇದೆ. ನಡೆದಿರುವ ಗುಳಿಗೆಗಳ ಚೀಟಿ ಜೊತೆಗಿರಲಿ.

ಕೇಳಿದವರು:
ಬಹಳ ಉಪಕಾರ ಆಯ್ತು. ಅವರಿಗೆ ಆಸ್ಪಿರಿನ್ ನಡೆದಿದೆ, ಈಗಲೇ ಚೀಟಿ ನೋಡಿದೆ. ಕಷಾಯ ಬಿಟ್ಟೆ. ಡಾಕ್ಟರನ್ನು ಕಾಣುತ್ತೇವೆ. ಕುಂಡಕ್ಕೆ ನೀರು ಎಷ್ಟು ದಿನಕ್ಕೊಮ್ಮೆ?

ಬೆಳಗಾವಿಯಿಂದ:
ದಿನ ಲೆಕ್ಕ ಹಾಕಬೇಡಿ, ಅಕ್ಕಾರೆ. ಎರಡು ಬೆರಳು ಮಣ್ಣಿಗೆ ಊರಿ ನೋಡಿ. ಒಣಗಿದ್ದರೆ ಮಾತ್ರ, ಸಂಜೆ ಹೊತ್ತು ಹಾಕಿ.