ಪದ ಬೇಕು: ಬೆಂಚ್ ಗ್ರೈಂಡರಿಗೆ ಕನ್ನಡದಲ್ಲಿ ಏನನ್ನುವುದು?

ಬದಿಯಡ್ಕದಿಂದ:
ನಮ್ಮ ಶಾಲೆಯ ಮಕ್ಕಳು ಕೆಟ್ಟುಹೋದ ವಾಷಿಂಗ್ ಮೆಷಿನ್ನಿನ ಮೋಟರ್, ಗುಜರಿ ಅಂಗಡಿಯ ಎರಡು ಪುಲ್ಲಿ, ಹಳೇ ಬೇರಿಂಗ್ ಸೇರಿಸಿ ಕತ್ತಿ, ಉಳಿ ಹರಿತ ಮಾಡುವ ಗ್ರೈಂಡರ್ ಕಟ್ಟಿದ್ದಾರೆ. ನಾಳೆ ವಸ್ತುಪ್ರದರ್ಶನ. ಮಲಯಾಳ ಬೋರ್ಡ್ ಆಗಿದೆ, ಕನ್ನಡದ್ದು ಬಾಕಿ. ಹೆಸರು ಬೇಕು. ಉಳಿಯನ್ನು ಆನಿಸಿ ಹಿಡಿಯುವ ಕಬ್ಬಿಣದ ಪಟ್ಟಿಗೂ ಒಂದು ಪದ ಬೇಕು.

ಬೆಂಗಳೂರಿನಿಂದ:
ಮಸೆಗಾಲಿ. ಚರ್ಚೆಯೇ ಬೇಡ. ಮಸೆ ಅಚ್ಚಗನ್ನಡ. ಸಾಣೆ ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳುತ್ತೇನೆ, ಅದು ಸಂಸ್ಕೃತದ ‘ಶಾಣ’ದ ತದ್ಭವ. ಮೋಟರನ್ನು ಗುಜರಿಯಿಂದ ತಂದಿರಿ, ಸರಿ. ಪದವನ್ನೂ ತರಬೇಕಾ?

ಪೆರ್ಲದಿಂದ:
ಮಾರಾಯ್ರೇ, ಮಸೆಯುವುದು ಬೇರೆ, ಸಾಣೆ ಹಿಡಿಯುವುದು ಬೇರೆ. ಮಸೆಯುವಾಗ ಕಲ್ಲು ಸುಮ್ನೆ ಬಿದ್ದಿರುತ್ತದೆ, ಕತ್ತಿ ಓಡಾಡುತ್ತದೆ. ಸಾಣೆಯಲ್ಲಿ ತಿರುಗುವುದು ಕಲ್ಲು. ಪೆಡಲ್ ತುಳಿದು ಕಿಡಿ ಹಾರಿಸುತ್ತಾ ಊರೂರು ಸುತ್ತುವವನನ್ನು ನಮ್ಮಲ್ಲಿ ಸಾಣೆ ಹಿಡಿಯುವವನು ಅಂತಲೇ ಕರೆಯುವುದು. ‘ಸಾಣೆಯಂತ್ರ’ ಬರೆಸಿ ಮಾಷ್ಟ್ರೇ. ಪಟ್ಟಿಗೆ ‘ಆನಿಕೆ’. ಅದಕ್ಕೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಜಾಸ್ತಿ ಎಡೆ ಬಿಡಬೇಡಿ. ಉಳಿ ಸಿಕ್ಕಿಕೊಂಡರೆ ಕಲ್ಲೇ ಒಡೆಯಬಹುದು.

ಬೆಂಗಳೂರಿನಿಂದ:
ಯಂತ್ರವೂ ಸಂಸ್ಕೃತ. ಎರಡಕ್ಕೆರಡೂ ಸಾಲ.

ಉಪ್ಪಳದಿಂದ:
ಹಾಗಾದರೆ ಚಾವಿ, ಬಟಾಟೆ ಪೋರ್ಚುಗೀಸರಿಗೆ ವಾಪಸ್ ಕೊಡೋಣ್ವಾ? 1956ರಿಂದ ಕೇರಳದಲ್ಲಿದ್ದುಕೊಂಡು ಕನ್ನಡ ಬೋರ್ಡಿಗಾಗಿ ಜಗಳಾಡುತ್ತಿರುವವರು ನಾವು. ಓದಿದ ಕೂಡಲೇ ತಿಳಿಯದಿದ್ದರೆ ನಮ್ಮ ಮಕ್ಕಳೇ ಪಕ್ಕದ ಮಲಯಾಳ ಬೋರ್ಡ್ ನೋಡಿ ಮುಂದೆ ಹೋಗುತ್ತಾರೆ. ಬೇಕಾದ ಸಾಲ ಮಾಡಿ. ಬರೀ ‘ಗ್ರೈಂಡರ್’ ಅಂತ ಮಾತ್ರ ಬರೆಯಬೇಡಿ, ಇಡ್ಲಿಗೆ ಅರೆಯುವುದು ಅಂದುಕೊಳ್ಳುತ್ತಾರೆ.

ಬೆಂಗಳೂರಿನಿಂದ:
ಭಾವುಕತೆ ವಾದವಲ್ಲ.

ಕುಂಬಳೆಯಿಂದ:
ಕತ್ತಿ ಬಿಟ್ಟು ಒಬ್ಬರ ಮೇಲೊಬ್ಬರು ಮಸೆಯುತ್ತಿದ್ದೀರಿ. ಪುಲ್ಲಿ ಎಷ್ಟು ಇಂಚಿನದ್ದು ಅಂತ ಯಾರೂ ಕೇಳಲಿಲ್ಲ ಅಲ್ವಾ? ಮೋಟರ್ ನಿಮಿಷಕ್ಕೆ 1,400 ಸುತ್ತಿನದ್ದಾಗಿ, ಅದಕ್ಕೆ 4 ಇಂಚಿನ ಪುಲ್ಲಿ, ಕಲ್ಲಿನ ಕಡೆ 2 ಇಂಚಿನದ್ದು ಇದ್ದರೆ ಕಲ್ಲು 2,800 ಸುತ್ತು ತಿರುಗುತ್ತದೆ. ಕಲ್ಲಿನ ಲೇಬಲಿನಲ್ಲಿ ಬರೆದ ಮಿತಿ ಅದಕ್ಕಿಂತ ಜಾಸ್ತಿ ಇರಲೇಬೇಕು. ಕಲ್ಲಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಹಾಕಬೇಡಿ.

ಬದಿಯಡ್ಕದಿಂದ:
ಲೇಬಲಿನಲ್ಲಿ 3,600 ಇದೆ. ದಪ್ಪ ತಗಡಿನ ಮುಚ್ಚಳವೂ ಇದೆ. ಪೈಂಟರ್ ಬಂದಾಯ್ತು. ಸಾಣೆಯಂತ್ರ, ಆನಿಕೆ ಎಂದು ಬರೆಸುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ಬೆಂಗಳೂರಿನಿಂದ:
ಪೈಂಟರ್ ಅಲ್ಲ, ಬಣ್ಣಗಾರ.