ಪದ ಬೇಕು: ‘ಸದರ್ನ್-ಟಿಂಜ್ಡ್’, ‘ಓವರ್‌ಲುಕ್ಡ್’ (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಒಂದು ಮಾಸಿಕಕ್ಕೆ ಹಳೆಯ ರಾಕ್ ಆಲ್ಬಂಗಳ ಬಗ್ಗೆ ಬರೆಯುತ್ತಿದ್ದೇನೆ. ನಾಳೆ ಸಂಜೆ ಪುಟ ಕಟ್ಟುತ್ತಾರೆ. ಲೇಖನ ಮುಗಿದಿದೆ, ತಲೆಬರಹದ ಕೆಳಗಿನ ಒಂದೇ ಒಂದು ಸಾಲು ಎರಡು ದಿನದಿಂದ ಕೂರುತ್ತಿಲ್ಲ. ಇಂಗ್ಲಿಷಿನಲ್ಲಿ ಅದು ‘ಸದರ್ನ್-ಟಿಂಜ್ಡ್ ಗ್ಲಾಂ ಮೆಟಲ್ ಬ್ಯಾಂಡ್’, ಅದರ ‘ಓವರ್‌ಲುಕ್ಡ್’ ಎರಡನೇ ಆಲ್ಬಂ. ಗ್ಲಾಂ ಮೆಟಲ್ ಅಂದರೆ ಮಿರುಗುವ ವೇಷ ತೊಟ್ಟು ನುಡಿಸುವ ಅಬ್ಬರದ ರಾಕ್, ‘ಸದರ್ನ್’ ಅಂದರೆ ಅಮೆರಿಕದ ದಕ್ಷಿಣ ಭಾಗದ್ದು.

ಯಾವ ತಂಡ ಅಂತ ಹೇಳಿಬಿಡುತ್ತೇನೆ, ಪದ ಹುಡುಕಲು ಬೇಕಾಗುತ್ತದೆ. ಟೆಕ್ಸಸ್‌ನ ಆಸ್ಟಿನ್ ಊರಿನ ಡೇಂಜರಸ್ ಟಾಯ್ಸ್. 1989ರ ಮೊದಲ ಆಲ್ಬಂ ಚೆನ್ನಾಗಿ ಓಡಿತು. 1991ರಲ್ಲಿ ಎರಡನೆಯದು ಬಂತು, ‘ಹೆಲೇಶಸ್ ಏಕರ್ಸ್’. ಕ್ವೀನ್ ತಂಡದ ಜೊತೆ ಕೆಲಸ ಮಾಡಿ ಹೆಸರಾದ ರಾಯ್ ಥಾಮಸ್ ಬೇಕರ್ ಅದರ ನಿರ್ಮಾಪಕರು. ಹಾಡುಗಾರ ಜೇಸನ್ ಮೆಕ್‌ಮಾಸ್ಟರ್ ಅದಕ್ಕೂ ಮುಂಚೆ ವಾಚ್‌ಟವರ್ ಅನ್ನೋ ತಂಡದಲ್ಲಿ ತುಂಬಾ ಲೆಕ್ಕಾಚಾರದ, ಕಷ್ಟದ ಮೆಟಲ್ ಹಾಡುತ್ತಿದ್ದವರು. 1991ರ ಬೇಸಿಗೆಯಲ್ಲಿ ಡೇಂಜರಸ್ ಟಾಯ್ಸ್‌ನವರು ಜೂಡಾಸ್ ಪ್ರೀಸ್ಟ್, ಆಲಿಸ್ ಕೂಪರ್, ಮೋಟರ್‌ಹೆಡ್ ಜೊತೆ ಊರೂರು ಸುತ್ತಿದರು. ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ಎರಡನೇ ಆಲ್ಬಂ ಬಂತು, ಕೇಳುವವರ ಕಿವಿಯೇ ಬದಲಾಯಿತು. ಎಷ್ಟು ಒಳ್ಳೆಯ ಆಲ್ಬಂ, ಹಾಗೇ ಮುಚ್ಚಿಹೋಯಿತು.

ನಾನು ಬರೆದದ್ದು ‘ದಕ್ಷಿಣದ ಛಾಯೆಯುಳ್ಳ ಗ್ಲಾಂ ಮೆಟಲ್ ತಂಡದ ಕಡೆಗಣಿಸಲ್ಪಟ್ಟ ದ್ವಿತೀಯ ಆಲ್ಬಂ’. ಓದಿದರೆ ಸರ್ಕಾರಿ ಸುತ್ತೋಲೆ ಥರ ಇದೆ. ದಯವಿಟ್ಟು ಸಹಾಯ ಮಾಡಿ.

---

‘ದಕ್ಷಿಣ’ ಯಾಕೆ ಬೇಕು? ನಮ್ಮದೇ ‘ತೆಂಕು’ ಇದೆಯಲ್ಲ. ಪುತ್ತೂರಿನ ಕಡೆಯವನು ನಾನು, ಯಕ್ಷಗಾನದ ತೆಂಕುತಿಟ್ಟು ನೋಡಿಯೇ ಬೆಳೆದೆ. ಬಡಗುತಿಟ್ಟಿನವರು ಆಡುವ ಪ್ರಸಂಗವನ್ನೇ ನಮ್ಮವರೂ ಆಡುತ್ತಾರೆ, ಆದರೆ ಕಿರೀಟ ಬೇರೆ, ಹೆಜ್ಜೆ ಬೇರೆ, ಚೆಂಡೆಯ ಪೆಟ್ಟು ಬೇರೆ. ನಿಮ್ಮ ತಂಡವೂ ಹಾಗೇ ಅಲ್ವಾ? ಗ್ಲಾಂ ಮೆಟಲ್ ಬೆಳೆದ ಲಾಸ್ ಏಂಜಲೀಸ್‌ನವರು ನುಡಿಸುವುದನ್ನೇ ಇವರು ಟೆಕ್ಸಸ್ ರೀತಿಯಲ್ಲಿ ನುಡಿಸುತ್ತಾರೆ. ‘ತೆಂಕುತಿಟ್ಟಿನ ಮೆಟಲ್’ ಅಂತ ಬರೆಯಿರಿ.

ಇನ್ನೊಂದು ಮಾತು. ‘ತೆಂಗು’ ಕೂಡ ಇದೇ ತೆಂಕಿನಿಂದ ಬಂದದ್ದು, ತೆಂಕಲಿಂದ ಬಂದ ಮರ ಅಂತ. ತಮಿಳಿನ ‘ತೆನ್’, ‘ತೆನ್ನೈ’ ನೋಡಿ. ದಿಕ್ಕಿನ ಹೆಸರು ಮರಕ್ಕೇ ಅಂಟಿಕೊಂಡ ಭಾಷೆ ನಮ್ಮದು, ಹಾಡಿಗೆ ಅಂಟುವುದಿಲ್ಲವೇ?

---

> ‘ತೆಂಕುತಿಟ್ಟಿನ ಮೆಟಲ್’ ಅಂತ ಬರೆಯಿರಿ

ಬೇಡ. ಓದಿದವರು ಮೇಳ ಹುಡುಕಿಕೊಂಡು ಬರುತ್ತಾರೆ. ತೆಂಗಿನಮರಕ್ಕೂ ಈ ಪ್ರಶ್ನೆಗೂ ಸಂಬಂಧವಿಲ್ಲ. ತಿಟ್ಟು ಅಂದರೆ ಪೂರ್ತಿ ಪದ್ಧತಿ, ‘ಟಿಂಜ್’ ಅಂದರೆ ಒಂದು ಸೋಂಕು ಮಾತ್ರ. ‘ಸದರ್ನ್’ ಅಂತಲೇ ಬಿಡಿ. ‘ಸದರ್ನ್ ರಾಕ್’ ಒಂದು ಜಾತಿಯ ಸಂಗೀತದ ಹೆಸರು. ಜಾರ್ಜಿಯಾದ ಮೇಕನ್‌ನಲ್ಲಿ ನೆಲೆ ನಿಂತ ಆಲ್ಮನ್ ಬ್ರದರ್ಸ್, ಫ್ಲಾರಿಡಾದ ಜಾಕ್ಸನ್‌ವಿಲ್‌ನ ಲಿನರ್ಡ್ ಸ್ಕಿನರ್ಡ್, ಈ ತಂಡಗಳಿಂದ ನಿಂತ ಹೆಸರು. ಹೆಸರನ್ನು ಯಾರೂ ಅನುವಾದ ಮಾಡುವುದಿಲ್ಲ.

---

ಸರ್, ಹೆಸರು ಅನ್ನುವುದು ಒಪ್ಪುತ್ತೇನೆ. ಆದರೆ ಇದು ‘ಸದರ್ನ್ ರಾಕ್’ ತಂಡವಲ್ಲ. ಗ್ಲಾಂ ಮೆಟಲ್ ತಂಡ, ಅದರಲ್ಲಿ ಆ ಕಡೆಯ ಬ್ಲೂಸ್ ಎಳೆತ, ಆ ಮಾತಿನ ಧಾಟಿ ಸ್ವಲ್ಪ ಬೆರೆತಿದೆ. ಆ ‘ಸ್ವಲ್ಪ’ಕ್ಕೇ ಪದ ಬೇಕಾಗಿರೋದು. ನಿನ್ನೆ ಒಬ್ಬರು ‘ದಕ್ಷಿಣಾದಿ ಮೆಟಲ್’ ಅಂದರು. ನಮ್ಮಲ್ಲಿ ದಕ್ಷಿಣಾದಿ ಅಂದರೆ ಕರ್ನಾಟಕ ಸಂಗೀತ, ಉತ್ತರಾದಿ ಅಂದರೆ ಹಿಂದೂಸ್ತಾನಿ. ಓದುವವರಿಗೆ ಮೃದಂಗ ಕೇಳಿಸಿಬಿಡುತ್ತದೆ.

---

ಆ ‘ಸ್ವಲ್ಪ’ಕ್ಕೆ ‘ಸೊಗಡು’ ಇದೆ. ‘ಛಾಯೆ’ ಕಣ್ಣಿನ ಪದ, ನೆರಳು, ಅದಕ್ಕೆ ಮೈಯೇ ಇಲ್ಲ. ಸೊಗಡು ಮೂಗಿನದು. ಚಳಿಗಾಲದ ಅವರೆಕಾಯಿ ಸುಲಿದ ಕೈ ಎಷ್ಟು ತೊಳೆದರೂ ಬಿಡದ ವಾಸನೆ. ಅವರೆ ಯಾವ ಅಡುಗೆಗೆ ಬಿದ್ದರೂ, ಉಪ್ಪಿಟ್ಟಾಗಲಿ ಹುಳಿಯಾಗಲಿ, ಅಡುಗೆಯ ಹೆಸರು ಬದಲಾಗುವುದಿಲ್ಲ, ಸೊಗಡು ಮಾತ್ರ ಬರುತ್ತದೆ. ‘ಟಿಂಜ್’ ಅಂದರೆ ಇದೇ.

ಇನ್ನು ತೆಂಕಿನ ಪರ ಒಂದು ಮಾತು. ಪಂಪ ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ಮೊದಲು ಬರುವುದೇ ತೆಂಕಗಾಳಿ ಸೋಂಕುವುದು, ಅದೇ ಉಸಿರಿನಲ್ಲಿ ಇಂಪಾದ ಹಾಡು ಕಿವಿ ಹೊಗುವುದು. ಸಾವಿರ ವರ್ಷದ ಹಿಂದೆಯೇ ಹಾಡನ್ನೂ ತೆಂಕನ್ನೂ ಒಟ್ಟಿಗೆ ಇಟ್ಟಿದ್ದಾನೆ. ಪಂಜೆಯವರ ‘ತೆಂಕಣ ಗಾಳಿಯಾಟ’ ಶಾಲೆಯಲ್ಲಿ ಓದಿದವರು ಇನ್ನೂ ಇದ್ದಾರೆ. ತೆಂಕಣ ಸತ್ತ ಪದ ಅಲ್ಲ.

‘ಗ್ಲಾಂ’ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ‘ಗ್ಲಾಮರ್’ ಹುಟ್ಟಿದ್ದು ‘ಗ್ರಾಮರ್’ನಿಂದ! ಓದುಬರಹ ಬಲ್ಲವನಿಗೆ ಮಂತ್ರವೂ ಗೊತ್ತು ಅಂತ ಜನ ನಂಬಿದ್ದ ಕಾಲದಲ್ಲಿ ಸ್ಕಾಟ್ಲೆಂಡಿನವರ ಬಾಯಲ್ಲಿ ಅದು ಗ್ಲಾಮರ್ ಆಯಿತು, ಅರ್ಥ ಕಣ್ಕಟ್ಟು. ಚೆಲುವು ಅನ್ನೋ ಅರ್ಥ ಆಮೇಲೆ ಬಂದದ್ದು. ನಮ್ಮ ‘ಮಾಟ’ ನೋಡಿ. ಮಾಟವಾದ ಮೂಗು ಅಂದರೆ ಚೆಂದದ ಮೂಗು, ಮಾಟ ಮಾಡಿಸಿದರು ಅಂದರೆ ಮಂತ್ರ. ಎರಡು ಭಾಷೆಯಲ್ಲಿ ಒಂದೇ ಜೋಡಿ. ‘ಮಾಟದ ಮೆಟಲ್’ ಅನ್ನಿ, ಅರ್ಥ ನೂರಕ್ಕೆ ನೂರು.

---

ಮಾಟದ ಮೆಟಲ್ ಅಂದರೆ ನಿಂಬೆಹಣ್ಣು, ಗೊಂಬೆ. ನನಗೆ ಬೇಡ, ಕ್ಷಮಿಸಿ. ಸೊಗಡು ತುಂಬಾ ಹಿಡಿಸಿತು.

---

> ‘ಸದರ್ನ್’ ಅಂತಲೇ ಬಿಡಿ

ಹೀಗೆ ಬಿಡುತ್ತಾ ಬಿಡುತ್ತಾ ನಮ್ಮ ಹತ್ತಿರ ಏನು ಉಳಿಯಿತು? ‘ಆಲ್ಬಂ’ ಬಿಟ್ಟಿರಿ, ‘ಮೆಟಲ್’ ಬಿಟ್ಟಿರಿ, ‘ಗ್ಲಾಂ’ ಬಿಟ್ಟಿರಿ. ವಾಕ್ಯದಲ್ಲಿ ಕನ್ನಡದ್ದು ಷಷ್ಠಿ ವಿಭಕ್ತಿ ಒಂದೇ. ಹಾಡುಗಟ್ಟು ಅನ್ನಿ, ಲೋಹನಾದ ಅನ್ನಿ. ಮೊದಲು ಕಿವಿಗೆ ಒರಟು, ಹತ್ತು ಸಲ ಕೇಳಿದರೆ ಸರಿಹೋಗುತ್ತದೆ. ಆಕಾಶವಾಣಿ ಹಾಗೇ ಅಲ್ವಾ ಆದದ್ದು?

---

ಆಗುವುದಿಲ್ಲ. ಆಕಾಶವಾಣಿ ಒಂದು ಸಂಸ್ಥೆಯ ಹೆಸರಾಗಿ ದಿನಾ ಮನೆಮನೆಯಲ್ಲಿ ಕೇಳಿಸಿತು, ಅದಕ್ಕೇ ನಿಂತಿತು. ‘ಲೋಹನಾದ’ವನ್ನು ದಿನಾ ಹೇಳುವವರು ಯಾರು? ಅದೂ ಸಂಸ್ಕೃತವೇ.

ಆಲ್ಬಂ ಹೆಸರನ್ನೇ ತೆಗೆದುಕೊಳ್ಳಿ. ‘ಏಕರ್’ ನಮ್ಮ ‘ಎಕರೆ’. ಇಂಗ್ಲಿಷಿನಿಂದ ಬಂದು, ನಲವತ್ತು ಗುಂಟೆಗೆ ಒಂದು ಎಕರೆ ಅಂತ ಪಹಣಿಯಲ್ಲಿ ಕೂತಿದೆ. ಯಾವ ರೈತ ಅದನ್ನು ಪರಭಾಷೆ ಅನ್ನುತ್ತಾನೆ? ‘ಹೆಲೇಶಸ್’ ಅನ್ನೋದು ಅಮೆರಿಕದ ಆಡುಮಾತು, ಅದರೊಳಗೆ ನರಕ ಇದೆ. ತುಂಬಾ ಕೆಟ್ಟದ್ದಕ್ಕೂ ಹೇಳುತ್ತಾರೆ, ತುಂಬಾ ಚೆನ್ನಾಗಿದ್ದಕ್ಕೂ ಹೇಳುತ್ತಾರೆ. ನಾವು ‘ಭಯಂಕರ ಚೆನ್ನಾಗಿದೆ’ ಅನ್ನುವ ಹಾಗೆ. ಬೆಂಗಳೂರಿನವರು ‘ಸಖತ್’ ಅನ್ನುತ್ತಾರೆ, ಅದು ಪಾರಸಿಯ ‘ಸಖ್ತ್’, ಅಂದರೆ ಗಟ್ಟಿ, ಕಠಿಣ. ‘ಸಖತ್ ಎಕರೆ’ ಅಂದರೆ ಎರಡೂ ಪದ ಹೊರಗಿನವು, ಆದರೂ ಅದಕ್ಕಿಂತ ಅಚ್ಚ ಕನ್ನಡ ಇನ್ನೊಂದು ಇಲ್ಲ. ಪದ ಎಲ್ಲಿ ಹುಟ್ಟಿತು ಅನ್ನುವುದಲ್ಲ, ಯಾರ ಬಾಯಲ್ಲಿ ಇದೆ ಅನ್ನುವುದನ್ನು ನೋಡಿ.

---

ಪಾರಸಿ ಜಗಳ ಇಲ್ಲಿ ವರ್ಷಕ್ಕೆ ನಾಲ್ಕು ಸಲ ಆಗುತ್ತದೆ. ಅವರಿಗೆ ನಾಳೆ ಸಂಜೆಗೆ ಪದ ಬೇಕು.

‘ಕಡೆಗಣಿಸಲ್ಪಟ್ಟ’ದಿಂದ ‘ಪಟ್ಟ’ ಮೊದಲು ಕಿತ್ತುಹಾಕಿ. ‘ಕಡೆಗಣಿಸಿದ’ ಕೂಡ ಸರಿಯಲ್ಲ. ಕಡೆ ಮತ್ತು ಗಣಿಸು, ಕೊನೆಗೆ ಎಣಿಸು ಅಂತ ಕೆಲವರು ಬಿಡಿಸುತ್ತಾರೆ. ನನಗೆ ಅದು ಕಡೆಗಣ್ಣು, ಓರೆಗಣ್ಣಿನ ನೋಟ. ಹೇಗೆ ಬಿಡಿಸಿದರೂ ಅದರಲ್ಲಿ ಬೇಕೆಂದೇ ಮಾಡಿದ ತಾತ್ಸಾರ ಇದೆ. ಈ ಆಲ್ಬಂ ಅನ್ನು ಯಾರೂ ಬೇಕೆಂದು ತಿರಸ್ಕರಿಸಲಿಲ್ಲ ಅಂತ ನೀವೇ ಬರೆದಿರಿ, ಗಾಳಿ ಬೇರೆ ಕಡೆ ತಿರುಗಿತು ಅಷ್ಟೆ. ಹಾಗಾದರೆ ‘ಕಣ್ತಪ್ಪಿದ’.

---

ಕಣ್ತಪ್ಪಿದ ಚೆನ್ನಾಗಿದೆ ಸರ್. ಒಂದೇ ತೊಡಕು, ಹಾಡು ತಪ್ಪುವುದು ಕಣ್ಣಿಗಲ್ಲ. ಹಾಗಾಗಿ ‘ಯಾರೂ ಕಿವಿಗೊಡದೆ ಹೋದ’ ಮಾಡಿದೆ. ಓದಿದರೆ ಬೇಸರವೂ ಕೇಳಿಸುತ್ತದೆ, ದೂರು ಇಲ್ಲ.

‘ತೆಂಕಣ’ ಅಂತ ಬರೆದು ನೋಡಿದೆ. ಪದ ಚೆಂದ, ಆದರೆ ನಮ್ಮ ಓದುಗರಿಗೆ ಅದು ನಮ್ಮ ತೆಂಕಣವೇ, ಅಮೆರಿಕದ ತೆಂಕಣ ಆಗಲು ಇನ್ನೊಂದು ವಾಕ್ಯ ಬೇಕು. ದಿಕ್ಕನ್ನೇ ಬಿಟ್ಟು ರಾಜ್ಯದ ಹೆಸರು ಹಾಕಿದೆ. ಪುಟಕ್ಕೆ ಕಳಿಸಿದ ಸಾಲು ಇದು:

‘ಟೆಕ್ಸಸ್ ಸೊಗಡಿನ ಗ್ಲಾಂ ಮೆಟಲ್ ತಂಡ, ಯಾರೂ ಕಿವಿಗೊಡದೆ ಹೋದ ಅದರ ಎರಡನೇ ಆಲ್ಬಂ’

ಆಲ್ಬಂ ಹೆಸರನ್ನು ಅನುವಾದ ಮಾಡಲಿಲ್ಲ. ಲೇಖನದ ಒಳಗೆ ಮಾತ್ರ ‘ಸಖತ್ ಎಕರೆ’ ಅಂತ ಒಂದು ಕಡೆ ಸೇರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

---

ಟೆಕ್ಸಸ್ ಪೂರ್ತಿ ತೆಂಕಣ ಅಲ್ಲ, ಅರ್ಧ ಪಡುವಣ. ಸಾಲು ಚೆನ್ನಾಗಿದೆ, ಆದರೆ ‘ತಂಡ’ದ ಬದಲು ‘ಮೇಳ’ ಹಾಕಬಹುದಿತ್ತು.