ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ, ಹಿರಿಯರು ಮಾತು ಕೇಳುತ್ತಿಲ್ಲ. ಲೀಡರ್‌ಶಿಪ್ ಕೋರ್ಸ್ ಮಾಡಲಾ?

ಗೋಣಿಕೊಪ್ಪ_ಬಿಫಾರ್ಮ್
ನಮಸ್ಕಾರ. ಬಿ.ಫಾರ್ಮ್ ಮುಗಿಸಿ ವಿರಾಜಪೇಟೆ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಸೀನಿಯರ್ ಕೆಲಸ ಬಿಟ್ಟರು, ಈಗ ಸಂಜೆ ಶಿಫ್ಟಿಗೆ ನಾನೇ ಇನ್‌ಚಾರ್ಜ್. ಕೌಂಟರಿನಲ್ಲಿರುವ ಇಬ್ಬರು ಅಣ್ಣಂದಿರು ನಾನು ಶಾಲೆಗೆ ಹೋಗುವಾಗಿನಿಂದ ಅಲ್ಲೇ ಇರುವವರು, ಯಾವ ಮಾತ್ರೆ ಎಲ್ಲಿದೆ ಅಂತ ನೋಡದೇ ಹೇಳುತ್ತಾರೆ, ಆದರೆ ಎಸ್ಟೇಟ್ ರೈಟರ್ (ತೋಟದ ಗುಮಾಸ್ತ) ಲೈನ್ ಮನೆಯ ಕಾರ್ಮಿಕರಿಗೆ ಅಂತ ಹಳೇ ಚೀಟಿ ಹಿಡಿದು ಬಂದರೆ ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಕೂಡ ಸುಮ್ನೆ ಕೊಟ್ಟುಬಿಡುತ್ತಾರೆ. ಬೇಡ ಅಂದರೆ "ಖಾಯಂ ಗಿರಾಕಿ ಮಾರಾಯ್ತಿ" ಅನ್ನುತ್ತಾರೆ. ಹೊಸ ಫಾರ್ಮಸಿಸ್ಟ್‌ಗಳಿಗೆ ಲೀಡರ್‌ಶಿಪ್ ಟ್ರೈನಿಂಗ್ ಅಂತ ಆನ್‌ಲೈನ್ ಜಾಹೀರಾತು ನೋಡಿದೆ. ಫೀಸು ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಉಪಯೋಗ ಇದೆಯಾ?

ಸೋಮವಾರಪೇಟೆ_ಮೆಡಿಕಲ್
ತಂಗಿ, ಫೀಸು ಈಗಲೇ ಕಟ್ಟಬೇಡ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಒಂದು ಸರ್ಕಾರಿ ಪಟ್ಟಿಯಲ್ಲಿ. 2014ರಿಂದ ಅದಕ್ಕೆ ಬೇರೆ ರಿಜಿಸ್ಟರ್ ಇಡಬೇಕು, ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿರಿ ಎಲ್ಲ ಬರೆದು 3 ವರ್ಷ ಕಾಪಾಡಬೇಕು. ಆ ಪುಸ್ತಕವನ್ನು ಅಣ್ಣಂದಿರ ಕೈಗೇ ಕೊಡು. ಬರೆಯುವವರು ಅವರೇ ಆದರೆ ಹಳೇ ಚೀಟಿ ಬಂದಾಗ ಯಾವ ರೋಗಿಯ ಹೆಸರು ಹಾಕುವುದು ಅಂತ ಅವರೇ ತಡವರಿಸುತ್ತಾರೆ. ಇನ್ನೊಂದು, ಗಿರಾಕಿ ಎದುರು ಅವರನ್ನು ತಡೆಯಬೇಡ, ಮರ್ಯಾದೆ ಹೋದರೆ ಮುಗೀತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಇನ್ಸುಲಿನ್ ಫ್ರಿಜ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅದರ ಟೆಂಪರೇಚರ್ ಬರೆಯುವ ಜವಾಬ್ದಾರಿ ಒಬ್ಬರಿಗೆ ಪೂರ್ತಿ ವಹಿಸು, ಹಿಂದೆ ನಿಂತು ನೋಡಬೇಡ.

ಫಾರ್ಮ್‌ಡಿ_ಮಡಿಕೇರಿ
ಅಣ್ಣ ಹೇಳಿದ್ದು ಸರಿ, ಆದರೆ ಟ್ರೈನಿಂಗೇ ದಂಡ ಅಂತ ಬಿಟ್ಟುಬಿಡಬೇಡಿ. ಕಾಲೇಜಿನಲ್ಲಿ ನಮಗೆ ಫಾರ್ಮಕಾಲಜಿ ಕಲಿಸಿದರು, ತಪ್ಪು ಡೋಸ್ ಕಂಡಾಗ ಡಾಕ್ಟರಿಗೆ ಫೋನ್ ಮಾಡಿ ಹೇಗೆ ಮಾತಾಡುವುದು ಅಂತ ಯಾರೂ ಕಲಿಸಲಿಲ್ಲ, ಅಲ್ವಾ? ಯಾವ ರೋಗಿ, ಚೀಟಿಯಲ್ಲಿ ಏನಿದೆ, ನನಗೇನು ಅನುಮಾನ, ಬದಲಿಗೆ ಏನು ಕೊಡಬಹುದು, ಇಷ್ಟನ್ನು ಅರ್ಧ ನಿಮಿಷದಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸುವ ಕೋರ್ಸ್ ಆದರೆ ಸೇರಿ. ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವುದಾದರೆ ಬೇಡ. ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟ ಎಫ್‌ಐಪಿಯಲ್ಲಿ ಹೊಸಬರಿಗೇ ಒಂದು ಗುಂಪಿದೆ, ಅರ್ಲಿ ಕರಿಯರ್ ಫಾರ್ಮಸ್ಯುಟಿಕಲ್ ಗ್ರೂಪ್, ಅದನ್ನೂ ನೋಡಿ. ದುಡ್ಡಿಲ್ಲದೇ ಶುರು ಮಾಡುವುದಾದರೆ ಔಷಧದ ಅಡ್ಡ ಪರಿಣಾಮ ವರದಿ ಮಾಡಿ. ಅದಕ್ಕೆಂದೇ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ, ಸಹಾಯವಾಣಿ 1800-180-3024. ನಿಮ್ಮ ಆಸ್ಪತ್ರೆಯಲ್ಲಿ ಯಾರೂ ಮಾಡುತ್ತಿಲ್ಲದಿದ್ದರೆ ನೀವೇ ಮೊದಲಿಗರು, ಡಾಕ್ಟರುಗಳು ಆಗ ಹೆಸರು ಹಿಡಿದು ಕರೆಯುತ್ತಾರೆ.

ಕುಶಾಲನಗರದವ
ಎಲ್ಲ ಸರಿ, ಆಡಳಿತದವರು ಬೆನ್ನಿಗೆ ನಿಲ್ಲದಿದ್ದರೆ? ಎಚ್1 ಔಷಧ ಹಳೇ ಚೀಟಿಗೆ ಕೊಡುವಂತಿಲ್ಲ ಅಂತ ಅವರ ಸಹಿಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ರೈಟರ್ ಜಗಳ ಕಾಯುವುದಾದರೆ ಗೋಡೆ ಜೊತೆ ಕಾಯಲಿ. ಕೋರ್ಸ್ ಫೀಸೂ ಅವರನ್ನೇ ಕೇಳಿ.

ಗೋಣಿಕೊಪ್ಪ_ಬಿಫಾರ್ಮ್
ಥ್ಯಾಂಕ್ಸ್ ಎಲ್ಲರಿಗೂ. ಫ್ರಿಜ್ ವಿಷಯ ನಾಳೆಯೇ ಮಾಡುತ್ತೇನೆ, ನೋಟಿಸ್‌ಗೆ ಸೋಮವಾರ ಕೇಳುತ್ತೇನೆ. ಎಚ್1 ಪುಸ್ತಕ ಇದೆ, ಆದರೆ ತಿಂಗಳ ಕೊನೆಗೆ ಬಿಲ್ ನೋಡಿ ಒಟ್ಟಿಗೆ ತುಂಬುತ್ತಾರೆ.

ಸೋಮವಾರಪೇಟೆ_ಮೆಡಿಕಲ್
ಅಯ್ಯೋ! ಹಾಗಾದರೆ ಫ್ರಿಜ್ ಆಮೇಲೆ, ಪುಸ್ತಕ ಒಟ್ಟಿಗೆ ತುಂಬುವುದನ್ನು ಮೊದಲು ನಿಲ್ಲಿಸು.